ಹತ್ತು ನಿಮಿಷದ ಬೆಲೆ

ಕಾರ್ಖಾನೆಯ ಕೆಲಸಗಾರನೊಬ್ಬನು ಬೆಳಗ್ಗೆ ಹತ್ತು ನಿಮಿಷ ತಡವಾಗಿ ಕೆಲಸಕ್ಕೆ ಬಂದರೆ ಅವನಿಗೆ ಆಗುವ ನಷ್ಟವೆಷ್ಟು? ಮೇಸ್ತ್ರಿಯ ಹುಬ್ಬು ಗಂಟಿಕ್ಕಬಹುದು. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕೆಂಪು ಗೆರೆಯೊಂದು ಬೀಳಬಹುದು. ಧಣಿ ತೀರ ಬಿಗಿಯಾದವನಾದರೆ ಆ ಹತ್ತು ನಿಮಿಷದ ಕೂಲಿಯನ್ನು ಮುರಿದುಕೊಳ್ಳಬಹುದು. ಬ್ರಿಟನ್ನಿನಲ್ಲಿ ೨೦೧೪ನೆಯ ಇಸವಿಯ ಅಕ್ಟೋಬರಿನಿಂದ ಕಾನೂನು ಗೊತ್ತುಮಾಡಿದ್ದ ಕನಿಷ್ಠ ಕೂಲಿ ಗಂಟೆಗೆ ಆರೂವರೆ ಪೌಂಡು. ಆ ಲೆಕ್ಕದಂತೆ ಹತ್ತು ನಿಮಿಷದ ಬೆಲೆ ಒಂದು ಪೌಂಡಿಗಿಂತ ತುಸು ಹೆಚ್ಚು, ಅಷ್ಟೆ. ಅದೇ ದೇಶದಲ್ಲಿ, ಅದೇ ವರ್ಷ, ಕೆಲಸವಿಲ್ಲದೆ ಕೆಲಸವನ್ನು ಹುಡುಕುತ್ತಿದ್ದ ಮತ್ತೊಬ್ಬನು ಸರಕಾರದ ಉದ್ಯೋಗ ಕಚೇರಿಗೆ ಹತ್ತು ನಿಮಿಷ ತಡವಾಗಿ ಹೋದನೆಂದಿಟ್ಟುಕೊಳ್ಳೋಣ. ಅದು ‘ಭೇಟಿಗೆ ತಪ್ಪಿದ್ದು’ ಎಂದು ದಾಖಲಾಗಿ ತೀರ್ಪಾದರೆ ಅವನು ಕಳೆದುಕೊಳ್ಳುತ್ತಿದ್ದುದು ನಾಲ್ಕು ವಾರಗಳ ಭತ್ಯವನ್ನು. ಇಪ್ಪತ್ತೈದು ವರ್ಷ ದಾಟಿದವನಾದರೆ ವಾರಕ್ಕೆ ೭೨ ಪೌಂಡು ೪೦ ಪೆನ್ನಿಯಂತೆ, ಒಟ್ಟು ೨೮೯ ಪೌಂಡು ೬೦ ಪೆನ್ನಿ.

ಒಬ್ಬನ ಹತ್ತು ನಿಮಿಷಕ್ಕೆ ಒಂದು ಪೌಂಡು, ಇನ್ನೊಬ್ಬನ ಹತ್ತು ನಿಮಿಷಕ್ಕೆ ಹೆಚ್ಚುಕಡಿಮೆ ಇನ್ನೂರ ತೊಂಬತ್ತು ಪೌಂಡು! ಕೆಲಸವಿಲ್ಲದವನ ವೇಳೆಗೆ ಬೆಲೆಯಿಲ್ಲವೆಂದು ಲೋಕವೆಲ್ಲ ಹೇಳುತ್ತದೆ. ಬ್ರಿಟನ್ನಿನಲ್ಲಿ ಅವನ ವೇಳೆಯೇ ಎಲ್ಲರಿಗಿಂತ ತುಟ್ಟಿಯಾಯಿತು. ಆದರೆ ಕೊಡುವಾಗ ಅಲ್ಲ, ಕಸಿಯುವಾಗ. ಇದು ಯಾವನೋ ಒಬ್ಬ ಕಟುಕ ಅಧಿಕಾರಿಯ ಕೈವಾಡವಲ್ಲ. ಪಾರ್ಲಿಮೆಂಟು ಒಪ್ಪಿದ ಕಾನೂನು. ಒಂದು ಶತಮಾನದುದ್ದಕ್ಕೂ ನಿಧಾನವಾಗಿ, ಒಂದೊಂದೇ ಇಟ್ಟಿಗೆಯಿಟ್ಟು ಕಟ್ಟಿದ ವ್ಯವಸ್ಥೆ.

ಈ ದಂಡನೆಗೆ ಆ ದೇಶದವರು ಇಟ್ಟಿರುವ ಹೆಸರು ‘ಸ್ಯಾಂಕ್ಷನ್’. ನಮ್ಮಲ್ಲಿ ಸಾಲ ಸ್ಯಾಂಕ್ಷನ್ ಆಯಿತು, ರಜೆ ಸ್ಯಾಂಕ್ಷನ್ ಆಯಿತು ಎಂದರೆ ಮನೆಯಲ್ಲಿ ಪಾಯಸ ಮಾಡುವ ಸುದ್ದಿ. ಅಲ್ಲಿಯ ನಿರುದ್ಯೋಗಿಗೆ ಅದೇ ಮಾತು ಒಲೆ ಆರಿಸುವ ಸುದ್ದಿ. ಇಂಗ್ಲಿಷಿನಲ್ಲಿ ಈ ಒಂದು ಪದಕ್ಕೆ ಒಪ್ಪಿಗೆ ಎಂಬ ಅರ್ಥವೂ ಉಂಟು, ಶಿಕ್ಷೆ ಎಂಬ ಅರ್ಥವೂ ಉಂಟು. ಗುಮಾಸ್ತರ ಮೂಲಕ ನಮ್ಮ ನಾಡಿಗೆ ಬಂದು ಉಳಿದುಕೊಂಡದ್ದು ಮೊದಲನೆಯ ಅರ್ಥ. ನಿಘಂಟಿನಲ್ಲಿ ಅದರ ಪಕ್ಕದಲ್ಲಿಯೇ ಕುಳಿತಿದ್ದ ಎರಡನೆಯ ಅರ್ಥದ ಪರಿಚಯ ನಮ್ಮ ಕಚೇರಿಗಳಿಗೆ ಅಷ್ಟಾಗಿ ಆಗಲಿಲ್ಲ.

ಬಾಗಿಲಿನಿಂದ ಬಾಗಿಲಿಗೆ

ಉದ್ಯೋಗ ಕಚೇರಿ ಎಂಬುದು ಹುಟ್ಟಿದ್ದು ಶಿಕ್ಷಿಸುವುದಕ್ಕಾಗಿ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಹಡಗುಕಟ್ಟೆಗಳಲ್ಲಿ ಕೂಲಿಕಾರರು ಮುಂಜಾನೆಯೇ ಬಾಗಿಲ ಬಳಿ ಗುಂಪುಗೂಡುತ್ತಿದ್ದರು. ಮೇಸ್ತ್ರಿ ಬೆರಳು ತೋರಿಸಿದವನಿಗೆ ಆ ದಿನದ ಕೆಲಸ, ಉಳಿದವರಿಗೆ ಮತ್ತೊಂದು ಬಾಗಿಲು. ಇಡೀ ದಿನ ಬಾಗಿಲಿನಿಂದ ಬಾಗಿಲಿಗೆ ಅಲೆದು ಕಾಲು ಸವೆಸುವುದೇ ನಿರುದ್ಯೋಗಿಯ ಉದ್ಯೋಗವಾಗಿತ್ತು. ತರುಣ ವಿಲಿಯಂ ಬೆವರಿಜ್ ಇದನ್ನು ಕಣ್ಣಾರೆ ಕಂಡವನು. ನಿರುದ್ಯೋಗವೆಂಬುದು ಕೆಲಸಗಾರನ ಸೋಮಾರಿತನದಿಂದ ಹುಟ್ಟಿದ್ದಲ್ಲ, ಕೈಗಾರಿಕೆಯ ವ್ಯವಸ್ಥೆಯಿಂದಲೇ ಹುಟ್ಟಿದ್ದು ಎಂದು ೧೯೦೯ರಲ್ಲಿ ಅವನು ಒಂದು ಪುಸ್ತಕವನ್ನೇ ಬರೆದನು. ಖಾಲಿಯಿರುವ ಕೆಲಸಗಳ ಪಟ್ಟಿಯನ್ನೂ ಕೆಲಸ ಬೇಕಾದವರ ಪಟ್ಟಿಯನ್ನೂ ಒಂದೇ ಸೂರಿನಡಿಯಲ್ಲಿ ತಂದಿಟ್ಟರೆ ಈ ಅಲೆದಾಟ ತಪ್ಪೀತು ಎಂಬುದು ಅವನ ಆಲೋಚನೆ. ಆಗ ವ್ಯಾಪಾರ ಮಂಡಲಿಯ ಅಧ್ಯಕ್ಷನಾಗಿದ್ದ ವಿನ್‌ಸ್ಟನ್ ಚರ್ಚಿಲ್ ಅದನ್ನು ಕೈಗೆತ್ತಿಕೊಂಡನು. ೧೯೧೦ರ ಫೆಬ್ರವರಿ ೧ರಂದು ಮೊದಲ ಕಚೇರಿಗಳು ಬಾಗಿಲು ತೆರೆದವು. ಬಡವನ ಕಾಲನ್ನೂ ಕಾಲವನ್ನೂ ಉಳಿಸುವುದಕ್ಕಾಗಿ ಕಟ್ಟಿದ ಮನೆಗಳು ಅವು.

ಈ ಕಚೇರಿಯ ವಂಶ ನಮ್ಮ ದೇಶಕ್ಕೂ ಬಂದಿದೆ. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ, ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಒದಗಿಸಲೆಂದು ೧೯೪೫ರಲ್ಲಿ ಭಾರತದಲ್ಲಿ ತೆರೆದ ‘ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್’ಗಳು ಅದೇ ಮಾದರಿಯವು. ಹೆಸರು ನೋಂದಾಯಿಸಿ, ಕಾರ್ಡನ್ನು ನವೀಕರಿಸುತ್ತ, ಬಾರದ ಕರೆಗಾಗಿ ವರ್ಷಗಟ್ಟಲೆ ಕಾದ ಪದವೀಧರರು ನಮ್ಮ ಪ್ರತಿ ಬೀದಿಯಲ್ಲಿಯೂ ಇದ್ದಾರೆ. ಆದರೆ ಆ ಕಚೇರಿಯ ಕಿಟಕಿಯಲ್ಲಿ ಹಣ ಸಿಕ್ಕುತ್ತಿರಲಿಲ್ಲವಾಗಿ, ಕಸಿಯುವುದಕ್ಕೂ ಏನೂ ಇರಲಿಲ್ಲ. ಕರ್ನಾಟಕದಲ್ಲಿ ೨೦೨೪ರ ಜನವರಿಯಲ್ಲಿ ಆರಂಭವಾದ ಯುವನಿಧಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ ೩,೦೦೦ ರೂಪಾಯಿ, ಡಿಪ್ಲೊಮಾದವರಿಗೆ ೧,೫೦೦ ರೂಪಾಯಿ ಎಂದು ಗೊತ್ತಾಯಿತು. ಅದಕ್ಕೂ, ತನಗೆ ಕೆಲಸ ಸಿಕ್ಕಿಲ್ಲವೆಂದು ಕಾಲಕಾಲಕ್ಕೆ ಸ್ವಯಂಘೋಷಣೆ ಕೊಡಬೇಕು. ಹಣವಿರುವಲ್ಲಿ ಶರತ್ತು ಇರುವುದು ಸಹಜವೇ. ಬ್ರಿಟನ್ನಿನಲ್ಲಿಯೂ ಕತೆ ಹೊರಳಿದ್ದು ಕಚೇರಿಯ ಕಿಟಕಿಗೆ ಹಣ ಬಂದ ಮೇಲೆ.

೧೯೧೧ರ ರಾಷ್ಟ್ರೀಯ ವಿಮಾ ಕಾನೂನು ಕಟ್ಟಡದ ಕೆಲಸ, ಯಂತ್ರನಿರ್ಮಾಣ, ಹಡಗುನಿರ್ಮಾಣ ಮೊದಲಾದ ಕೆಲವು ಕಸುಬುಗಳ ಸುಮಾರು ಇಪ್ಪತ್ತೆರಡೂವರೆ ಲಕ್ಷ ಕೆಲಸಗಾರರಿಗೆ ನಿರುದ್ಯೋಗ ವಿಮೆಯನ್ನು ಕೊಟ್ಟಿತು. ಕೆಲಸಗಾರನು ವಾರಕ್ಕೆ ಎರಡೂವರೆ ಪೆನ್ನಿ ಕಟ್ಟಬೇಕು, ಧಣಿ ಅಷ್ಟೇ ಕಟ್ಟಬೇಕು, ಸರಕಾರವೂ ತನ್ನ ಪಾಲನ್ನು ಸೇರಿಸಬೇಕು. ಕೆಲಸ ಹೋದಾಗ ವಾರಕ್ಕೆ ಏಳು ಷಿಲಿಂಗು, ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ವಾರ. ಕುಡಿದು ಕೆಲಸ ಕಳೆದುಕೊಂಡವನಿಗೂ ಇದನ್ನು ಕೊಡಬೇಕೆ ಎಂಬ ಚರ್ಚೆ ಆಗಲೇ ಎದ್ದಿತು. ಚರ್ಚಿಲ್ಲನು ೧೯೦೯ರಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ, ನೀತಿಯನ್ನೂ ಗಣಿತವನ್ನೂ ಒಂದರೊಳಗೊಂದು ಬೆರೆಸುವುದು ತನಗೆ ಹಿಡಿಸದು ಎಂದನು. ಕುಡುಕನೇ ಆಗಲಿ, ಅವನು ತನ್ನ ಕಂತನ್ನು ಕಟ್ಟಿದ್ದಾನೆ. ಕುಡಿತಕ್ಕೆ ಅವನು ಈಗಾಗಲೇ ಕೆಲಸವನ್ನು ಕಳೆದುಕೊಂಡು ದಂಡ ತೆತ್ತಿದ್ದಾನೆ. ಇನ್ನು ವಿಮೆಯ ಹಣವನ್ನು ತಡೆಹಿಡಿಯುವುದೇಕೆ ಎಂಬುದು ಅವನ ವಾದದ ತಿರುಳು. ಬಡವರ ವಿಷಯದಲ್ಲಿ ಚರ್ಚಿಲ್ಲನಿಂದ ಇಂಥ ಮಾತನ್ನು ನಿರೀಕ್ಷಿಸದ ವಾಚಕರಿಗೆ, ಅದರಲ್ಲಿಯೂ ಭಾರತದ ವಾಚಕರಿಗೆ, ಇದು ಸೋಜಿಗವೆನಿಸಬಹುದು. ಆದರೆ ಆ ವಾದ ಸೋತಿತು. ದುರ್ನಡತೆಯಿಂದ ಕೆಲಸ ಕಳೆದುಕೊಂಡವನಿಗೂ ತಾನಾಗಿ ಬಿಟ್ಟವನಿಗೂ ಆರು ವಾರ ಭತ್ಯವಿಲ್ಲವೆಂದು ಕಾನೂನಿನಲ್ಲಿ ಸೇರಿಕೊಂಡಿತು. ನೀತಿ ಗಣಿತದೊಳಕ್ಕೆ ಕಾಲಿಟ್ಟಿತು.

ಅಲ್ಲಿಂದ ಮುಂದೆ ಅದು ಹೊರಕ್ಕೆ ಹೋಗಲಿಲ್ಲ. ೧೯೨೦ರ ದಶಕದಲ್ಲಿ ‘ನಿಜವಾಗಿಯೂ ಕೆಲಸ ಹುಡುಕುತ್ತಿದ್ದೇನೆ’ ಎಂದು ಸಾಬೀತುಪಡಿಸುವ ಹೊರೆ ನಿರುದ್ಯೋಗಿಯ ತಲೆಯ ಮೇಲೆ ಬಿದ್ದಿತು. ಗಣಿ ಮುಚ್ಚಿದ ಊರಿನಲ್ಲಿ, ಕೆಲಸವಿಲ್ಲವೆಂದು ಎಲ್ಲರಿಗೂ ಗೊತ್ತಿದ್ದ ಬಾಗಿಲುಗಳನ್ನು, ತಟ್ಟಿದೆನೆಂದು ಹೇಳಿಕೊಳ್ಳುವುದಕ್ಕಾಗಿಯೇ ತಟ್ಟಿ ಬರಬೇಕಾಗಿತ್ತು. ಅಲೆದಾಟವನ್ನು ತಪ್ಪಿಸಲು ಹುಟ್ಟಿದ ಕಚೇರಿ ಅಲೆದಾಟದ ಸಾಕ್ಷ್ಯವನ್ನು ಕೇಳತೊಡಗಿತು. ೧೯೩೦ರಲ್ಲಿ ಆ ಪರೀಕ್ಷೆ ರದ್ದಾಯಿತು. ಮರುವರ್ಷವೇ ಆದಾಯ ಪರೀಕ್ಷೆ ಬಂದು ಮನೆಯ ಮೇಜುಕುರ್ಚಿಗಳನ್ನು ಎಣಿಸಿತು. ಅದು ಬೇರೆಯೇ ಒಂದು ದೊಡ್ಡ ಕತೆ.

ಆರು ವಾರಗಳೆಂಬ ಮಿತಿ ಮಾತ್ರ ಎರಡು ಮಹಾಯುದ್ಧಗಳನ್ನೂ ದಾಟಿ, ಬೆವರಿಜ್ಜನ ೧೯೪೨ರ ಸುಪ್ರಸಿದ್ಧ ವರದಿಯನ್ನೂ ದಾಟಿ, ಎಪ್ಪತ್ತೈದು ವರ್ಷ ಹಾಗೆಯೇ ನಿಂತಿತ್ತು. ೧೯೮೬ರಲ್ಲಿ ಅದು ಹದಿಮೂರು ವಾರವಾಯಿತು, ೧೯೮೮ರಲ್ಲಿ ಇಪ್ಪತ್ತಾರು, ೨೦೧೨ರಲ್ಲಿ, ದೊಡ್ಡ ತಪ್ಪೆಂದು ಎಣಿಸಲಾದದ್ದನ್ನು ಮೂರನೆಯ ಸಲ ಮಾಡಿದವನಿಗೆ, ನೂರ ಐವತ್ತಾರು ವಾರ. ಅಂದರೆ ಮೂರು ವರ್ಷ. ಕೆಲಸ ಸಿಕ್ಕಿದ್ದನ್ನು ನಿರಾಕರಿಸುವುದು ಮೊದಲಾದುವು ಈ ದೊಡ್ಡ ತಪ್ಪುಗಳ ಸಾಲಿನವು. ಭೇಟಿಗೆ ತಪ್ಪುವುದು ಚಿಕ್ಕ ತಪ್ಪುಗಳ ಸಾಲಿಗೆ ಸೇರಿದ್ದು. ಆದರೆ ಎಲ್ಲಕ್ಕಿಂತ ಹೆಚ್ಚು ಮಂದಿಯನ್ನು ಹಿಡಿದ ಬಲೆ ಅದೇ.

ಚಿಕ್ಕ ತಪ್ಪು, ನಾಲ್ಕು ವಾರ

ತಡವಾಗಿ ಬಂದವನು ಬೇರೆ, ಬಾರದೆಯೇ ಇದ್ದವನು ಬೇರೆ. ಈ ಭೇದ ಶಾಲೆಯ ಮೇಷ್ಟರಿಗೂ ಗೊತ್ತು. ಬ್ರಿಟನ್ನಿನ ಕಾನೂನಿಗೂ ಅದು ಗೊತ್ತಿತ್ತು. ‘ಜಾಬ್‌ಸೀಕರ್ಸ್ ಅಲೋಯೆನ್ಸ್’ ಎಂಬ ಭತ್ಯ ೧೯೯೬ರಲ್ಲಿ ಜಾರಿಗೆ ಬಂದಾಗ, ಅದರ ನಿಯಮಾವಳಿಯಲ್ಲಿ ಒಂದು ಸೂಕ್ಷ್ಮವಿತ್ತು: ಗೊತ್ತಾದ ದಿನವೇ ಬಂದು, ಆದರೆ ಗೊತ್ತಾದ ವೇಳೆಗೆ ಬಾರದವನಿಗೆ ಮೊದಲು ಲಿಖಿತ ಎಚ್ಚರಿಕೆಯನ್ನು ಕೊಡಬೇಕು, ಮುಂದಿನ ಸಲವೂ ತಡವಾದರೆ ಮಾತ್ರ ಭತ್ಯಕ್ಕೆ ಕುತ್ತು. ಮನುಷ್ಯರ ಬದುಕಿನಲ್ಲಿ ಬಸ್ಸುಗಳೂ ಮಕ್ಕಳೂ ಮಳೆಯೂ ಉಂಟೆಂಬುದನ್ನು ಅರಿತ ಯಾರೋ ಒಬ್ಬ ಕರಡು ಬರೆಯುವವನು ಆ ವಾಕ್ಯವನ್ನು ಸೇರಿಸಿರಬೇಕು.

೨೦೧೨ರ ಅಕ್ಟೋಬರಿನಲ್ಲಿ ಹೊಸ ದಂಡನೆಗಳ ಪಟ್ಟಿ ಬಂದಿತು. ಸಲಹೆಗಾರನೊಡನೆ ಗೊತ್ತಾದ ಭೇಟಿಯಲ್ಲಿ ‘ಭಾಗವಹಿಸಲು ತಪ್ಪಿದರೆ’ ಮೊದಲ ಸಲ ನಾಲ್ಕು ವಾರ. ಒಂದು ವರ್ಷದೊಳಗೆ ಮತ್ತೆ ತಪ್ಪಿದರೆ ಹದಿಮೂರು ವಾರ. ಕೆಲವು ನಿಮಿಷ ತಡವಾದ ಮಾತ್ರಕ್ಕೆ ಭಾಗವಹಿಸಲಿಲ್ಲವೆಂದು ಹೇಳಲಾಗದು, ಸಂದರ್ಭವನ್ನು ನೋಡಬೇಕು ಎಂದು ಮೇಲಿನ ನ್ಯಾಯಮಂಡಳಿಯವರು ಹೇಳಿದ್ದುಂಟು. ತಕ್ಕ ಕಾರಣವಿದ್ದವನನ್ನು ದಂಡಿಸಕೂಡದೆಂದು ಕಾನೂನೂ ಹೇಳುತ್ತದೆ. ಆದರೆ ನ್ಯಾಯಮಂಡಳಿಯ ಮಾತು ಕಚೇರಿಯ ಮೇಜಿನವರೆಗೆ ಇಳಿದು ಬರುವಷ್ಟರಲ್ಲಿ ಹಸಿದವನ ಗತಿಯೇನು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ವ್ಯವಸ್ಥೆ ನಡೆಯುತ್ತಿದ್ದ ಬಗೆಯನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನಿರುದ್ಯೋಗಿ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಕಚೇರಿಗೆ ಹೋಗಿ, ತಾನು ಹುಡುಕಿದ ಕೆಲಸಗಳ ಲೆಕ್ಕ ಒಪ್ಪಿಸಿ, ಸಹಿ ಹಾಕಬೇಕು. ಭೇಟಿಯ ಅವಧಿ ಕೆಲವೇ ನಿಮಿಷಗಳು. ಒಬ್ಬನಾದ ಮೇಲೆ ಒಬ್ಬ. ತಡವಾಗಿ ಬಂದವನ ಸರದಿ ಅಷ್ಟರಲ್ಲಿ ಮುಗಿದುಹೋಗಿರುತ್ತದೆ. ಎದುರಿಗೆ ಕುಳಿತ ಸಲಹೆಗಾರನು ತಾನೇ ದಂಡಿಸುವುದಿಲ್ಲ. ಸಂಶಯವೊಂದನ್ನು ದಾಖಲೆ ಮಾಡಿ ಕಳಿಸುತ್ತಾನೆ. ತೀರ್ಪು ಕೊಡುವವನು ಬೇರೆಲ್ಲಿಯೋ ಕುಳಿತ ಅಧಿಕಾರಿ. ಅವನು ಆಪಾದಿತನ ಮುಖವನ್ನು ನೋಡುವುದಿಲ್ಲ, ಅವನು ಏದುಸಿರು ಬಿಡುತ್ತ ಓಡಿ ಬಂದದ್ದನ್ನು ಕಾಣುವುದಿಲ್ಲ; ಕಾಗದವನ್ನು ಮಾತ್ರ ಕಾಣುತ್ತಾನೆ. ದೀರ್ಘಕಾಲದ ನಿರುದ್ಯೋಗಿಗಳಿಗಾಗಿ ೨೦೧೧ರಲ್ಲಿ ಆರಂಭಿಸಿದ್ದ ಯೋಜನೆಯನ್ನು ಖಾಸಗಿ ಗುತ್ತಿಗೆದಾರರು ನಡೆಸುತ್ತಿದ್ದರು. ತಪ್ಪಿದ ಭೇಟಿಗೆ ನ್ಯಾಯವಾದ ಕಾರಣವಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿದ್ದರೂ, ಅದನ್ನು ತೀರ್ಮಾನಿಸುವ ಅಧಿಕಾರ ಅವರಿಗಿರಲಿಲ್ಲ. ಸರಕಾರಕ್ಕೆ ವರದಿ ಮಾಡಲೇಬೇಕಾಗಿತ್ತು.

ಸರಕಾರವೇ ನೇಮಿಸಿದ ಸ್ವತಂತ್ರ ಪರಿಶೀಲಕ ಮ್ಯಾಥ್ಯೂ ಓಕ್ಲಿ ೨೦೧೪ರ ಜುಲೈಯಲ್ಲಿ ಕೊಟ್ಟ ವರದಿಯಲ್ಲಿ ಇದನ್ನೆಲ್ಲ ಸೌಮ್ಯವಾದ ಮಾತುಗಳಲ್ಲಿ ಬರೆದನು. ಇಲಾಖೆಯ ಪತ್ರಗಳು ಉದ್ದವಾಗಿ, ಕಾನೂನಿನ ಭಾಷೆಯಲ್ಲಿ, ಓದಿದವನಿಗೆ ತಿಳಿಯದಂತೆ ಇರುತ್ತಿದ್ದವು. ತಮಗೆ ದಂಡನೆಯಾಗಿದೆಯೆಂಬುದು ಕೆಲವರಿಗೆ ಮೊದಲು ಗೊತ್ತಾಗುತ್ತಿದ್ದುದು ಬ್ಯಾಂಕಿನ ಹಣದ ಯಂತ್ರದ ಮುಂದೆ. ಕಾರ್ಡು ತೂರಿಸಿದರೆ ಹಣವಿಲ್ಲ! ದಂಡನೆಗೂ ಬಾಡಿಗೆಯ ಸಹಾಯಕ್ಕೂ ಸಂಬಂಧವಿಲ್ಲವಾದರೂ, ಒಂದು ನಿಂತಾಗ ಇನ್ನೊಂದೂ ತಪ್ಪಾಗಿ ನಿಂತುಹೋದ ಪ್ರಸಂಗಗಳಿದ್ದವು. ಬರಗಾಲದಲ್ಲಿ ಅಧಿಕಮಾಸವೆನ್ನುವುದು ಇದಕ್ಕೇ ಅಲ್ಲವೆ? ಕಷ್ಟಪರಿಹಾರವೆಂದು ಭತ್ಯದ ಅರುವತ್ತು ಪಾಲಿನಷ್ಟನ್ನು ಬೇಡಿ ಪಡೆಯುವ ಮಾರ್ಗವೊಂದಿತ್ತು, ನಿಜ. ಆದರೆ ಮಕ್ಕಳಿಲ್ಲದ, ಕಾಯಿಲೆಯಿಲ್ಲದ ಸಾಮಾನ್ಯನು ಅದಕ್ಕೂ ಮೊದಲ ಹದಿನಾಲ್ಕು ದಿನ ಕಾಯಬೇಕಾಗಿತ್ತು. ಆ ಹದಿನಾಲ್ಕು ದಿನ ಅವನು ಏನನ್ನು ಉಣ್ಣಬೇಕೆಂಬುದು ನಿಯಮಾವಳಿಗೆ ಸಂಬಂಧಿಸಿದ ವಿಷಯವಾಗಿರಲಿಲ್ಲ.

ಅವರು ಉಂಡದ್ದು ಅನೇಕ ಸಲ ಇಗರ್ಜಿಯ ಪಡಸಾಲೆಯಲ್ಲಿ ಹಂಚುವ ಆಹಾರವನ್ನು. ಸಾಲ್ಸ್‌ಬರಿ ಎಂಬ ಊರಿನಲ್ಲಿ ೨೦೦೦ದಲ್ಲಿ ಆಹಾರ ಭಂಡಾರವನ್ನು ತೆರೆದ ಟ್ರಸೆಲ್ ಟ್ರಸ್ಟು, ಮೂರು ದಿನಕ್ಕಾಗುವ ತುರ್ತು ಆಹಾರವನ್ನು ೨೦೦೮-೦೯ರಲ್ಲಿ ಸುಮಾರು ೨೬ ಸಾವಿರ ಸಲ ಕೊಟ್ಟಿತ್ತು. ೨೦೧೩-೧೪ರಲ್ಲಿ ಆ ಸಂಖ್ಯೆ ೯,೧೩,೧೩೮. ಇದೆಲ್ಲವೂ ದಂಡನೆಯ ಫಲವೆಂದರೆ ಅತ್ಯುಕ್ತಿಯಾದೀತು. ಭಂಡಾರಗಳ ಸಂಖ್ಯೆಯೇ ಹೆಚ್ಚಿತ್ತು, ಬೆಲೆಗಳು ಏರಿದ್ದವು, ಭತ್ಯಗಳು ಬರುವುದು ತಡವಾಗುತ್ತಿತ್ತು. ಆದರೆ ಚೀಟಿ ಹಿಡಿದು ಬಂದವರಲ್ಲಿ ದಂಡಿತರೂ ಇದ್ದರೆಂಬುದನ್ನು ಭಂಡಾರದವರು ಮತ್ತೆ ಮತ್ತೆ ಹೇಳಿದರು.

ತೆರೆಯ ಮೇಲೆ ತಪ್ಪಿದ ಬಸ್ಸು

ಈ ಸಂಗತಿಯನ್ನು ಬ್ರಿಟನ್ನಿನ ಹೊರಗಿನವರಿಗೂ ತಿಳಿಸಿದ್ದು ಒಂದು ಚಲನಚಿತ್ರ. ಕೆನ್ ಲೋಚ್ ನಿರ್ದೇಶಿಸಿ, ಪಾಲ್ ಲಾವರ್ಟಿ ಬರೆದ ‘ಐ, ಡೇನಿಯಲ್ ಬ್ಲೇಕ್’ ಎಂಬ ಆ ಚಿತ್ರಕ್ಕೆ ೨೦೧೬ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂದಿತು. ಹೃದಯಾಘಾತವಾದ ಬಡಗಿಯೊಬ್ಬನು ಅದರ ನಾಯಕ. ಆದರೆ ನಮ್ಮ ವಿಷಯಕ್ಕೆ ಬೇಕಾದವಳು ಕೇಟಿ ಎಂಬ ಎರಡು ಮಕ್ಕಳ ತಾಯಿ. ಲಂಡನ್ನಿನಲ್ಲಿ ಮನೆ ಸಿಕ್ಕದೆ ನೂರಾರು ಮೈಲಿ ದೂರದ ನ್ಯೂಕಾಸಲ್ ನಗರಕ್ಕೆ ಬಂದಿಳಿದವಳು. ಊರು ಹೊಸದು, ಹತ್ತಿದ್ದು ತಪ್ಪು ಬಸ್ಸು, ಕಚೇರಿಗೆ ತಲಪುವಷ್ಟರಲ್ಲಿ ಭೇಟಿಯ ವೇಳೆ ಮೀರಿತ್ತು. ಅವಳು ಎಷ್ಟು ಹೇಳಿಕೊಂಡರೂ ಕಚೇರಿಯವರದು ಒಂದೇ ಮಾತು: ದಂಡನೆ. ಸಾಲಿನಲ್ಲಿ ಕುಳಿತಿದ್ದ ಬಡಗಿ ಎದ್ದು, ಮುಂದಿನ ಸರದಿಯವನನ್ನು ಕೇಳುತ್ತಾನೆ. ಈ ಹೆಣ್ಣುಮಗಳು ಮೊದಲು ಸಹಿ ಹಾಕಿ ಹೋಗಲೆಂದು ಆ ಮನುಷ್ಯನು ಒಪ್ಪುತ್ತಾನೆ. ಒಪ್ಪದಿರುವುದು ಕಚೇರಿ ಮಾತ್ರ. ಕೊನೆಗೆ ಕಾವಲುಗಾರರು ಅವಳನ್ನೂ ಮಕ್ಕಳನ್ನೂ ಅವನನ್ನೂ ಹೊರಕ್ಕೆ ಕಳಿಸುತ್ತಾರೆ.

ಆ ದೃಶ್ಯದಲ್ಲಿ ಯಾರೂ ರಾಕ್ಷಸರಲ್ಲ. ಒಬ್ಬ ನೌಕರಳಂತೂ ಕನಿಕರವುಳ್ಳವಳೇ. ಮುಂದೆ ಒಂದು ದಿನ ಆಹಾರ ಭಂಡಾರದಲ್ಲಿ, ಮಕ್ಕಳಿಗೆ ಉಣ್ಣಿಸಿ ತಾನು ಉಪವಾಸವಿದ್ದ ಕೇಟಿ, ಕೈಗೆ ಸಿಕ್ಕ ಡಬ್ಬಿಯನ್ನು ಅಲ್ಲಿಯೇ ಒಡೆದು ಅಂಗೈಗೆ ಸುರಿದುಕೊಂಡು ತಿನ್ನುತ್ತಾಳೆ. ತಿಂದು ನಾಚಿಕೆಯಿಂದ ಅಳುತ್ತಾಳೆ. ಬೆನ್ನಿನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬಾರದೆನ್ನುವ ನಮ್ಮ ಹಿರಿಯರಿಗೆ ಈ ಚಿತ್ರದ ಭಾಷೆ ತಿಳಿಯದಿದ್ದರೂ ಆ ಒಂದು ನೋಟ ತಿಳಿಯುತ್ತಿತ್ತು.

೨೦೧೦ರಿಂದ ೨೦೧೬ರವರೆಗೆ ಈ ಇಲಾಖೆಯ ಮಂತ್ರಿಯಾಗಿದ್ದ ಇಯಾನ್ ಡಂಕನ್ ಸ್ಮಿತ್ ಚಿತ್ರವನ್ನು ಒಪ್ಪಲಿಲ್ಲ. ಎಲ್ಲರಿಗೂ ಆಗಬಹುದಾದ ಕೆಟ್ಟದ್ದನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿದ್ದಾರೆ, ಕಚೇರಿಯ ನೌಕರರಿಗೆ ಅನ್ಯಾಯ ಮಾಡಿದ್ದಾರೆ ಎಂಬುದು ಅವನ ದೂರು. ಸರಕಾರದ ವಾದವನ್ನೂ ಕೇಳಬೇಕಾದದ್ದೇ. ಭತ್ಯ ಬರುವುದು ದುಡಿಯುವವರು ತೆತ್ತ ತೆರಿಗೆಯಿಂದ. ದುಡಿಯುವವನು ವೇಳೆಗೆ ಸರಿಯಾಗಿ ಏಳುತ್ತಾನೆ. ಅವನ ಹಣದಿಂದ ಬದುಕುವವನು ಎರಡು ವಾರಕ್ಕೊಮ್ಮೆ ಒಂದು ಕಚೇರಿಗೆ ವೇಳೆಗೆ ಸರಿಯಾಗಿ ಬರಲೆಂದು ಕೇಳುವುದು ಅತಿಯಾಸೆಯೇ? ನಾಳೆ ಕೆಲಸ ಸಿಕ್ಕಿದರೆ ಅಲ್ಲಿಯೂ ಗಡಿಯಾರವಿರುವುದಿಲ್ಲವೆ? ಯಾವ ಒಂದು ತಿಂಗಳನ್ನು ನೋಡಿದರೂ ದಂಡಿತರು ಸ್ವಲ್ಪ ಮಂದಿ ಮಾತ್ರವೆಂಬುದೂ ನಿಜ. ಹಾಲೆಂಡು, ಸ್ವಿಟ್ಜರ್ಲೆಂಡುಗಳಲ್ಲಿ ನಡೆದ ಅಧ್ಯಯನಗಳಲ್ಲಿ, ದಂಡನೆಗೊಳಗಾದವರು ಬೇಗ ಕೆಲಸ ಹಿಡಿದದ್ದು ಕಂಡುಬಂದಿದೆ. ಹಾಗೆ ಅವಸರದಲ್ಲಿ ಹಿಡಿದ ಕೆಲಸದ ಸಂಬಳ ಕಡಿಮೆಯಿತ್ತೆಂದು ಸ್ವಿಟ್ಜರ್ಲೆಂಡಿನ ಅಧ್ಯಯನವೇ ಹೇಳಿತು.

ಈ ವಾದದಲ್ಲಿ ಗಡಿಯಾರದ ಹೋಲಿಕೆ ಮಾತ್ರ ಸರಿಹೋಗುವುದಿಲ್ಲ. ಕೆಲಸಗಾರನ ಗಡಿಯಾರ ಅವನನ್ನೂ ಧಣಿಯನ್ನೂ ಕಟ್ಟಿಹಾಕುತ್ತದೆ. ಹತ್ತು ನಿಮಿಷಕ್ಕೆ ತಿಂಗಳ ಸಂಬಳವನ್ನು ಮುರಿದುಕೊಂಡ ಧಣಿಯನ್ನು ನ್ಯಾಯಾಲಯ ಸುಮ್ಮನೆ ಬಿಡದು. ಉದ್ಯೋಗ ಕಚೇರಿಯ ಗಡಿಯಾರ ಒಬ್ಬನಿಗೆ ಮಾತ್ರ ಓಡುತ್ತದೆ. ಸಲಹೆಗಾರನು ಅರ್ಧ ಗಂಟೆ ಕಾಯಿಸಿದರೆ ಕಾದವನಿಗೆ ಪರಿಹಾರವಿಲ್ಲ. ಗ್ಲಾಸ್‌ಗೋ ವಿಶ್ವವಿದ್ಯಾನಿಲಯದ ಡೇವಿಡ್ ವೆಬ್‌ಸ್ಟರ್ ಮತ್ತೊಂದು ಹೋಲಿಕೆಯನ್ನು ಮುಂದಿಟ್ಟನು. ೨೦೧೩ರಲ್ಲಿ ಈ ಕಚೇರಿಗಳು ವಿಧಿಸಿದ ದಂಡನೆಗಳು, ಕೆಳಗಿನ ನ್ಯಾಯಾಲಯಗಳು ವಿಧಿಸಿದ ಜುಲ್ಮಾನೆಗಳಿಗಿಂತ ಸಂಖ್ಯೆಯಲ್ಲಿ ಹೆಚ್ಚೆಂದು ಅವನು ಲೆಕ್ಕಹಾಕಿದನು. ನ್ಯಾಯಾಲಯದಲ್ಲಿಯಾದರೆ ಕಳ್ಳನಿಗೂ ವಿಚಾರಣೆ ಮೊದಲು, ಶಿಕ್ಷೆ ಆಮೇಲೆ. ಜುಲ್ಮಾನೆ ಹಾಕುವಾಗ ಅವನ ಜೇಬನ್ನೂ ನೋಡುತ್ತಾರೆ. ಇಲ್ಲಿ ಹಣ ಮೊದಲು ನಿಲ್ಲುತ್ತದೆ, ಮೇಲ್ಮನವಿ ಆಮೇಲೆ ನಡೆಯುತ್ತದೆ.

ಲೆಕ್ಕಪರಿಶೋಧಕರು ಕೇಳಿದ್ದು

೨೦೧೬ರ ನವೆಂಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಇದರ ಜಮಾಖರ್ಚನ್ನು ತೆರೆದು ನೋಡಿತು. ೨೦೧೦ರಿಂದ ೨೦೧೫ರವರೆಗೆ ನಿರುದ್ಯೋಗ ಭತ್ಯ ಪಡೆದವರಲ್ಲಿ ನೂರಕ್ಕೆ ೨೪ ಮಂದಿ ಒಮ್ಮೆಯಾದರೂ ದಂಡಿತರಾಗಿದ್ದರು. ತಿಂಗಳ ಲೆಕ್ಕದಲ್ಲಿ ಸ್ವಲ್ಪವೆಂದು ಕಂಡದ್ದು ವರ್ಷಗಳ ಲೆಕ್ಕದಲ್ಲಿ ನಾಲ್ವರಲ್ಲಿ ಒಬ್ಬನಾಗಿತ್ತು. ೨೦೧೫ರಲ್ಲಿ ಹೀಗೆ ತಡೆಹಿಡಿದ ಹಣ ಸುಮಾರು ೧೩ ಕೋಟಿ ೨೦ ಲಕ್ಷ ಪೌಂಡು. ಕಷ್ಟಪರಿಹಾರವೆಂದು ಹಿಂದಕ್ಕೆ ಕೊಟ್ಟದ್ದು ಸುಮಾರು ೩ ಕೋಟಿ ೫೦ ಲಕ್ಷ. ಒಂದೇ ಪ್ರದೇಶದಲ್ಲಿ, ಒಂದೇ ಬಗೆಯ ಜನರೊಡನೆ ವ್ಯವಹರಿಸುತ್ತಿದ್ದ ಇಬ್ಬರು ಗುತ್ತಿಗೆದಾರರಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಎರಡರಷ್ಟಕ್ಕೂ ಮೇಲ್ಪಟ್ಟು ಜನರನ್ನು ದಂಡನೆಗೆ ಕಳಿಸಿದ ನಿದರ್ಶನಗಳಿದ್ದವು. ಯಾರ ಕೈಗೆ ಬೀಳುತ್ತೀರೆಂಬುದರ ಮೇಲೆ ನಿಮ್ಮ ಊಟ ನಿಂತಿತ್ತು. ಇಷ್ಟೆಲ್ಲ ಮಾಡಿ ಜನರಿಗೆ ಕೆಲಸ ಸಿಕ್ಕಿತೆ, ಬೊಕ್ಕಸಕ್ಕೆ ಉಳಿತಾಯವಾಯಿತೆ ಎಂದು ಕೇಳಿದರೆ ಇಲಾಖೆಯ ಬಳಿ ತಕ್ಕ ಉತ್ತರವಿರಲಿಲ್ಲ. ಚರ್ಚಿಲ್ಲನು ಅಂಜಿದ್ದಂತೆಯೇ ನೀತಿ ಗಣಿತವನ್ನು ನುಂಗಿತ್ತು. ನುಂಗಿದ್ದು ಎಷ್ಟೆಂದು ಹೇಳುವುದಕ್ಕೆ ಗಣಿತವೂ ಉಳಿದಿರಲಿಲ್ಲ.

ಮರುವರ್ಷ ಮತ್ತೊಂದು ಸೋಜಿಗ ನಡೆಯಿತು. ಖರ್ಚು ಕಡಿಮೆ ಮಾಡಲೆಂದು ಸರಕಾರವು ಉದ್ಯೋಗ ಕಚೇರಿಗಳನ್ನೇ ಮುಚ್ಚಹೊರಟಿತು. ಗ್ಲಾಸ್‌ಗೋ ನಗರದ ಹದಿನಾರು ಕಚೇರಿಗಳಲ್ಲಿ ಎಂಟನ್ನು ಮುಚ್ಚುವ ಪ್ರಸ್ತಾವ ಬಂದು, ಪ್ರತಿಭಟನೆಯ ಮೇಲೆ ಎರಡು ಉಳಿದು, ಆರು ಮುಚ್ಚಿದವು. ನಡೆದು ಹೋಗುವಷ್ಟು ಹತ್ತಿರವಿದ್ದ ಕಚೇರಿ ಕೆಲವರಿಗೆ ಬಸ್ಸಿನ ದೂರಕ್ಕೆ ಸರಿಯಿತು; ಬಸ್ಸು ಬದಲಾಯಿಸಬೇಕಾದವರೂ ಇದ್ದರು. ದೂರ ಹೆಚ್ಚಿಸಿದವರು ಸರಕಾರದವರು. ದೂರದಿಂದ ತಡವಾದರೆ ದಂಡ ತೆರತಕ್ಕವನು ನಿರುದ್ಯೋಗಿ! ಅದೇ ಸ್ಕಾಟ್ಲೆಂಡಿನ ಪ್ರಾಂತೀಯ ಸರಕಾರವು, ತನ್ನ ಕೈಗೆ ಬಂದ ಉದ್ಯೋಗ ಯೋಜನೆಗಳಲ್ಲಿ ಭಾಗವಹಿಸುವುದನ್ನು ೨೦೧೭ರಿಂದ ಐಚ್ಛಿಕವಾಗಿಸಿತೆಂಬುದನ್ನೂ ಇಲ್ಲಿ ಹೇಳಬೇಕು. ಅಲ್ಲಿ ಬಾರದವನಿಗೆ ದಂಡನೆಯಿಲ್ಲ.

ಕ್ರಮೇಣ ಹಿಡಿತ ಸ್ವಲ್ಪ ಸಡಿಲಾಯಿತು. ಯಾರ್ಕ್ ವಿಶ್ವವಿದ್ಯಾನಿಲಯದ ನೇತೃತ್ವದಲ್ಲಿ ಐದು ವರ್ಷ ನಡೆದ ಸಂಶೋಧನೆಯೊಂದು, ದಂಡನೆಗಳಿಂದ ಜನ ಕೆಲಸಕ್ಕೆ ಹತ್ತಿರವಾಗಲಿಲ್ಲ, ಕೆಲವರು ಸಾಲಕ್ಕೂ ಹಸಿವಿಗೂ ಸಣ್ಣಪುಟ್ಟ ಕಳ್ಳತನಕ್ಕೂ ಇಳಿದರು ಎಂದು ೨೦೧೮ರಲ್ಲಿ ಹೇಳಿತು. ಅದೇ ವರ್ಷ ಪಾರ್ಲಿಮೆಂಟಿನ ಸಮಿತಿಯೂ ಕಟುವಾಗಿ ಬರೆಯಿತು. ೨೦೧೯ರಲ್ಲಿ ಮೂರು ವರ್ಷಗಳ ದಂಡನೆ ಆರು ತಿಂಗಳಿಗೆ ಇಳಿಯಿತು. ೨೦೨೦ರ ಮಾರ್ಚಿಯಲ್ಲಿ ಕೊರೋನಾ ಸಾಂಕ್ರಾಮಿಕ ಬಂದಾಗ ಮೂರು ತಿಂಗಳು ದಂಡನೆಗಳೆಲ್ಲ ನಿಂತು, ಜುಲೈಯಿಂದ ಮತ್ತೆ ಬಂದವು.

ಇಲಾಖೆಯು ದಂಡನೆಯ ಫಲವನ್ನು ತಾನೇ ಅಳೆದು ನೋಡುವುದಾಗಿ ಮಾತು ಕೊಟ್ಟಿತ್ತು, ಅಳೆದೂ ನೋಡಿತು. ಆದರೆ ಆ ವರದಿಯನ್ನು ಹೊರಗೆ ಬಿಡಲು ಒಪ್ಪಲಿಲ್ಲ. ಮಾಹಿತಿ ಆಯುಕ್ತರ ಆದೇಶವಾದ ಮೇಲೆ, ೨೦೨೩ರ ಏಪ್ರಿಲಿನಲ್ಲಿ ಅದು ಪ್ರಕಟವಾಯಿತು. ದಂಡಿತರಾದವರು ಕೆಲಸಕ್ಕೆ ಸೇರುವುದು ಇತರರಿಗಿಂತ ನಿಧಾನ, ಸೇರಿದ ಮೇಲೆ ಅವರ ಗಳಿಕೆಯೂ ಕಡಿಮೆ ಎಂದು ಅದರಲ್ಲಿತ್ತು. ವರ್ಷಗಟ್ಟಲೆ ತಡವಾಗಿ ಬಂದ ಈ ವರದಿಗಾಗಿ ಯಾರ ಸಂಬಳವೂ ನಿಲ್ಲಲಿಲ್ಲ.

ಈಗ ಹಳೆಯ ಭತ್ಯದ ಸ್ಥಾನದಲ್ಲಿ, ೨೦೧೩ರಲ್ಲಿ ಆಷ್ಟನ್-ಅಂಡರ್-ಲೈನ್ ಎಂಬ ಊರಿನಿಂದ ಆರಂಭವಾದ ‘ಯೂನಿವರ್ಸಲ್ ಕ್ರೆಡಿಟ್’ ನಿಂತಿದೆ. ಕಷ್ಟಪರಿಹಾರವು ಅದರಲ್ಲಿ ದಾನವಲ್ಲ, ಸಾಲ; ಮುಂದಿನ ಭತ್ಯದಿಂದ ಮುರಿದುಕೊಳ್ಳುತ್ತಾರೆ. ಭೇಟಿಗೆ ತಪ್ಪಿದವನ ದಂಡನೆ ಅವನು ಕಚೇರಿಯ ಶರತ್ತನ್ನು ಪೂರೈಸುವ ದಿನದವರೆಗೂ ನಡೆದು, ಆ ಮೇಲೆ ಮೊದಲ ಸಲವಾದರೆ ಏಳು ದಿನ, ಎರಡನೆಯ ಸಲ ಹದಿನಾಲ್ಕು, ಮೂರನೆಯ ಸಲ ಇಪ್ಪತ್ತೆಂಟು ದಿನ ಮುಂದುವರಿಯುತ್ತದೆ. ೨೦೨೫-೨೬ರಲ್ಲಿ ಇಪ್ಪತ್ತೈದು ದಾಟಿದ ಒಂಟಿ ವ್ಯಕ್ತಿಗೆ ತಿಂಗಳಿಗೆ ಗೊತ್ತಾಗಿದ್ದುದು ೪೦೦ ಪೌಂಡು ೧೪ ಪೆನ್ನಿ. ದಿನಕ್ಕೆ ಸುಮಾರು ಹದಿಮೂರು ಪೌಂಡು. ೨೦೨೨, ೨೦೨೩ನೆಯ ವರ್ಷಗಳಲ್ಲಿ ವಿಧಿಸಿದ ದಂಡನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವು ಭೇಟಿಗೆ ಹಾಜರಾಗಲು ಅಥವಾ ಅದರಲ್ಲಿ ಭಾಗವಹಿಸಲು ತಪ್ಪಿದ್ದಕ್ಕಾಗಿ. ಹಾಗೆ ದಂಡ ತೆತ್ತವರಲ್ಲಿ ಬಾರದೆಯೇ ಇದ್ದವರೆಷ್ಟು, ಬಂದೂ ತಡವಾದವರೆಷ್ಟು ಎಂಬುದನ್ನು ಇಲಾಖೆ ಪ್ರಕಟಿಸುವ ಅಂಕಿಗಳಲ್ಲಿ ಬೇರೆ ಬೇರೆಯಾಗಿ ತೋರಿಸಿಲ್ಲ. ಎಲ್ಲರಿಗೂ ಒಂದೇ ಕಲಮು.